ಎಣ್ಣೆ ಬಟ್ಟೆಯನ್ನು ಮುದುರಿ ಇಡಬೇಡ

ಮಾರ್ಚ್ ೧೪, ಗುರುವಾರ ಬೆಳಿಗ್ಗೆ

ಪ್ರೀತಿಯ ಮೊಂಡನಿಗೆ, ಅಕ್ಕನಿಂದ.

ನಲವತ್ತು ದಾಟಿದವನನ್ನು ಇನ್ನೂ ಮೊಂಡ ಅನ್ನುತ್ತಾಳಲ್ಲ ಎಂದು ಸಿಡುಕಬೇಡ. ನಿನ್ನ ಹೆಂಡತಿಯ ಪತ್ರ ಬಂದು ಐದು ವಾರವಾಯಿತು. ಉತ್ತರ ಬರೆಯಲು ಕೂತು ನಾಲ್ಕು ಹಾಳೆ ಹರಿದು ಹಾಕಿದ್ದೇನೆ. ತಡವಾಯಿತೆಂದು ಅವಳು ಬೇಜಾರು ಮಾಡಿಕೊಂಡಿದ್ದರೆ ನನ್ನ ಪರವಾಗಿ ನೀನೇ ಒಂದು ಮಾತು ಹೇಳು. ನನ್ನ ಮುಖವನ್ನೇ ನೋಡದವಳು ಎಷ್ಟು ಅಕ್ಕರೆಯಿಂದ ಬರೆದಿದ್ದಾಳೆ! ನಿನಗೆ ಇಂಥವಳು ಸಿಕ್ಕಿದ್ದು ನಿನ್ನ ಮುಖ ನೋಡಿಯಂತೂ ಅಲ್ಲ.

ಅಂದು ನೀನು ಕೈಗಾಡಿಯಲ್ಲಿ ಕಟ್ಟಿಕೊಂಡು ಹೋದೆಯಲ್ಲ ಅಮ್ಮನ ಮೇಜು, ಅದರ ಕಾಲು ಅಲ್ಲಾಡುತ್ತಿದೆಯಂತೆ. ಬಿಸಿ ಪಾತ್ರೆ ಇಟ್ಟು ಮೇಲೆ ಬಿಳಿ ಬಳೆಯಂಥ ಕಲೆಯಾಗಿದೆಯಂತೆ. ಮಗಳು ಅದರ ಮೇಲೇ ಓದಿ ಬರೆಯುವುದರಿಂದ ಸರಿಮಾಡಿಕೊಡಿ ಎಂದು ಕೇಳಿದರೆ, ನಾನು ಮರ ಮುಟ್ಟುವುದಿಲ್ಲ ಎಂದು ಚಪ್ಪಲಿ ಮೆಟ್ಟಿ ಹೊರಟುಬಿಟ್ಟೆಯಂತೆ. ಅಪ್ಪನ ಬಡಗಿ ಅಂಗಡಿಯಲ್ಲಿ ಅವನ ಕೈಕೆಳಗೆ ಹದಿನೈದು ವರ್ಷ ಕೀಸುಳಿ ಹಿಡಿದವನು ಈಗ ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುತ್ತಿದ್ದೀಯ. ಪತ್ರದ ಕೊನೆಗೆ ಅವಳು ಇನ್ನೊಂದು ಸಾಲು ಬರೆದಿದ್ದಾಳೆ. 'ಆ ಬೀಡಿ ಸರಿಯಾಗಿ ಆರಿಸಿದ್ದೆನೋ ಇಲ್ಲವೋ ಎಂದು ಈಗಲೂ ಒಮ್ಮೊಮ್ಮೆ ತಮ್ಮಷ್ಟಕ್ಕೆ ಕೇಳಿಕೊಳ್ಳುತ್ತಾರೆ.'

ಮೊದಲು ಮೇಜಿನ ವಿಷಯ. ನೀನು ಮುಟ್ಟದಿದ್ದರೆ ಇದನ್ನು ಅವಳಿಗೆ ಓದಿ ಹೇಳು, ಅವಳೇ ಮಾಡಲಿ.

ಅಲ್ಲಾಡುವ ಕಾಲಿಗೆ ಮೊಳೆ ಹೊಡೆಯಬೇಡಿ. ಮೊಳೆ ಹೊಡೆದವನು ಎರಡನೇ ಸಲ ಆ ಮೇಜನ್ನು ನೋಡುವುದಿಲ್ಲ ಎಂದುಕೊಂಡಿರುತ್ತಾನೆ ಎನ್ನುತ್ತಿದ್ದ ಅಪ್ಪ. ಕಾಲನ್ನು ಮೆಲ್ಲಗೆ ಬಿಡಿಸಿ, ಸಂದಿಯೊಳಗಿನ ಹಳೆಯ ಅಂಟನ್ನು ಬಿಸಿನೀರಿನ ಬಟ್ಟೆಯಿಂದ ನೆನೆಸಿ ಪೂರ್ತಿ ಕೆರೆದು ತೆಗೆಯಬೇಕು. ಹಳೆಯದರ ಮೇಲೆ ಹೊಸ ಅಂಟು ಹಿಡಿಯುವುದಿಲ್ಲ. ಎರಡು ದಿನ ಒಣಗಿದ ಮೇಲೆ ಅಂಟು ಹಚ್ಚಿ ಕೂಡಿಸಿ, ಸುತ್ತ ಹಗ್ಗ ಕಟ್ಟಿ, ಹಗ್ಗದ ನಡುವೆ ಕಡ್ಡಿ ತೂರಿಸಿ ತಿರುವಿ ಬಿಗಿ ಮಾಡಿ. ನಾಲ್ಕೂ ಕಾಲು ನೆಲಕ್ಕೆ ಕೂತಿವೆಯಾ ಎಂದು ಅಂಟು ಆರುವ ಮೊದಲೇ ನೋಡಬೇಕು. ಆಮೇಲೆ ನೋಡಿ ಪ್ರಯೋಜನವಿಲ್ಲ.

ಬಿಳಿ ಕಲೆಗೆ ಹೆದರಬೇಡಿ. ಅದು ಮರಕ್ಕೆ ಇಳಿದಿರುವುದಿಲ್ಲ, ಪಾಲೀಶಿನಲ್ಲೇ ಇರುತ್ತದೆ. ಅಮ್ಮನ ಮೇಜಿಗೆ ನಾನೇ ಅರಗಿನ ಪಾಲೀಶ್ ಕೊಟ್ಟಿದ್ದೆ. ಮೆತ್ತನೆಯ ಬಟ್ಟೆಗೆ ಸ್ಪಿರಿಟ್ ಸೋಕಿಸಿ, ಹಿಂಡಿ, ಕಲೆಯ ಮೇಲೆ ಹಗುರವಾಗಿ ನಿಲ್ಲಿಸದೆ ಆಡಿಸಿದರೆ ಮಾಯವಾಗುತ್ತದೆ. ಕೈ ಒಂದೇ ಕಡೆ ನಿಂತರೆ ಪಾಲೀಶೇ ಎದ್ದು ಬರುತ್ತದೆ. ಎಡ ಅಂಚಿನಲ್ಲಿ ಅಮ್ಮನ ಮೊಣಕೈ ಊರಿ ಊರಿ ಸವೆದ ತಗ್ಗೊಂದಿದೆ. ಅದನ್ನು ಸ್ಯಾಂಡ್ ಪೇಪರ್ ಹಾಕಿ ಮಟ್ಟ ಮಾಡಬೇಡಿ, ನಿನ್ನ ಮಗಳ ಮೊಣಕೈಗೂ ಬೇಕಾಗುತ್ತದೆ.

ಅಡಿಭಾಗದ ಬರಿ ಮರಕ್ಕೆ ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು, ಉಳಿದದ್ದನ್ನೆಲ್ಲ ಒರೆಸಿ ತೆಗೆಯಬೇಕು. ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬೇಡಿ. ಅಂಗಳದಲ್ಲಿ ಒಂದೊಂದಾಗಿ ಹರಡಿ ಒಣಗಿಸಿ. ಇಲ್ಲದಿದ್ದರೆ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿ ಹೊರಗಿಡಿ. ಈ ಮಾತನ್ನು ಎರಡು ಸಲ ಓದು.

ಮೊಂಡ, ನಾನು ಬರೆಯಬೇಕಾದದ್ದು ಇಲ್ಲೇ ಇದೆ.

ಹೋದ ತಿಂಗಳು ನಾನು ಒಂದು ಹಳೆಯ ಬೆಂಚಿಗೆ ಎಣ್ಣೆ ಹಚ್ಚಿ, ಬಟ್ಟೆಗಳನ್ನು ಬುಟ್ಟಿಗೆ ತುರುಕಿ ಊಟಕ್ಕೆ ಹೋದೆ. ಬಂದು ನೋಡಿದರೆ ಏನೋ ಕರಕು ವಾಸನೆ. ಬುಟ್ಟಿಯೊಳಗೆ ಕೈ ಹಾಕಿದೆ. ಮೇಲಿನ ಬಟ್ಟೆ ತಣ್ಣಗಿತ್ತು, ನಡುವಿನದು ಕೈ ಇಡಲಾಗದಷ್ಟು ಬಿಸಿ. ಬಿಡಿಸಿದ ಕೂಡಲೆ ಹೊಗೆಯೆದ್ದಿತು. ಅಲ್ಲಿ ಬೆಂಕಿಕಡ್ಡಿ ಇರಲಿಲ್ಲ, ಬೀಡಿ ಇರಲಿಲ್ಲ, ಸುತ್ತ ನರಪಿಳ್ಳೆಯೂ ಇರಲಿಲ್ಲ. ಮುದುರಿದ ಎಣ್ಣೆ ಬಟ್ಟೆ ಒಳಗೊಳಗೇ ಕಾದು ತಾನೇ ಹೊತ್ತಿಕೊಳ್ಳುತ್ತದೆ.

ಹನ್ನೊಂದು ವರ್ಷದ ಹಿಂದೆ, ಅಂಗಡಿಯಲ್ಲಿ ಆ ಹನ್ನೆರಡು ಕುರ್ಚಿಗಳಿಗೆ ಎಣ್ಣೆ ಹಚ್ಚಿದವಳು ನಾನು. ಬಟ್ಟೆಗಳನ್ನೆಲ್ಲ ಗಂಟು ಮಾಡಿ ಮರದ ಹೊಟ್ಟಿನ ಮೂಟೆಯ ಪಕ್ಕ ತಳ್ಳಿದವಳೂ ನಾನೇ. ನೀನು ಹಿಂಬಾಗಿಲಲ್ಲಿ ನಿಂತು ಒಂದು ಬೀಡಿ ಸೇದಿದೆ, ಅಷ್ಟೆ. ಬೀಗ ಹಾಕಿ ಎರಡು ಗಂಟೆಯೊಳಗೆ ಅಂಗಡಿ ಉರಿಯಿತು. ಅಪ್ಪ ಉಳಿಗಳ ಪೆಟ್ಟಿಗೆಗೆಂದು ಒಳಗೆ ನುಗ್ಗಿ, ಎರಡೂ ಕೈ ಸುಟ್ಟುಕೊಂಡ. ಆಮೇಲೆ ಅವನು ಪೆನ್ಸಿಲ್ ಸಹ ಹಿಡಿಯಲಿಲ್ಲ. ಇಡೀ ಬೀದಿ ನೆರೆದಿದ್ದಾಗ ನಾನು ನಿನಗೆ ಹೇಳಿದೆ, "ಅಪ್ಪನ ಕೈ ಸುಟ್ಟೋನು ನೀನು. ಇನ್ನು ನಮ್ಮ ಮನೆ ಬಾಗಿಲು ತುಳೀಬೇಡ."

ಅಂದೇ ಅಮ್ಮನ ಮೇಜು ಕಟ್ಟಿಕೊಂಡು ಹೋದವನು ನೀನು ಮತ್ತೆ ತುಳಿಯಲಿಲ್ಲ. ಎರಡು ವರ್ಷಕ್ಕೆ ಅಪ್ಪ ಹೋದಾಗ ಯಾರೋ ಹೇಳಿ ಕಳಿಸಿದ್ದಕ್ಕೆ ಬಂದು, ಗೇಟಿನ ಹೊರಗೇ ನಿಂತು ಹೊರಟುಹೋದೆ. ನಾನು ಕಿಟಕಿಯಿಂದ ನೋಡಿದೆ. ಕರೆಯಲಿಲ್ಲ.

ನಿನ್ನ ಬೀಡಿ ಆರಿತ್ತು ಕಣೋ. ಖಂಡಿತ ಆರಿತ್ತು. ಇನ್ನು ಕೇಳಿಕೊಳ್ಳುವುದನ್ನು ಬಿಡು. ತಿಳಿಯದೆ ಮಾಡಿದ ತಪ್ಪಿನ ಹೊರೆಯನ್ನು ಹನ್ನೊಂದು ವರ್ಷ ನಿನ್ನ ತಲೆಗೆ ಹೊರಿಸಿದೆ. ಗೊತ್ತಾದದ್ದೇ ಹೋದ ತಿಂಗಳು, ಏನು ಮಾಡಲಿ ಹೇಳು. ಕ್ಷಮಿಸು ಎನ್ನಲು ನಾಚಿಕೆಯಾಗುತ್ತದೆ, ಆದರೂ ಅನ್ನುತ್ತಿದ್ದೇನೆ.

ಅಪ್ಪನ ಉಳಿಗಳಲ್ಲಿ ಏಳು ಉಳಿದಿವೆ. ತುಕ್ಕು ತೆಗೆದು, ಹೊಸ ಹಿಡಿ ಹಾಕಿ, ಹಿಡಿಯ ಮೇಲೆ ಹೆಸರು ಬರೆಯದೆ ನಿನಗೆಂದು ಇಟ್ಟಿದ್ದೇನೆ. ನಿನ್ನ ಹೆಂಡತಿಗೆ ನನ್ನ ಪ್ರೀತಿ ತಿಳಿಸು. ಮಗಳು ಚೆನ್ನಾಗಿ ಓದಲಿ, ಗಟ್ಟಿಮುಟ್ಟಾಗಿ ಬೆಳೆಯಲಿ, ನಿನ್ನ ಹಟ ಅವಳಿಗೆ ಸ್ವಲ್ಪವೇ ಬರಲಿ. ನಿನ್ನ ಕೈಗೆ ಮತ್ತೆ ಮರ ಒಲಿಯಲಿ ಎಂದು ಹಿರಿಯಳಾಗಿ ಹರಸುತ್ತೇನೆ, ಹರಸುವ ಯೋಗ್ಯತೆ ಉಳಿದಿದ್ದರೆ.

ಇಂತು ನಿನ್ನ
ಅಕ್ಕ

ಮರೆತಿದ್ದು: ಮರೆತಿರಲಿಲ್ಲ. ಪತ್ರ ಮಡಿಚಿ ಲಕೋಟೆಗೆ ಹಾಕಿ, ಮತ್ತೆ ತೆಗೆದಿದ್ದೇನೆ. ಹೋದ ತಿಂಗಳು ಬುಟ್ಟಿ ಹೊಗೆಯಾಡಿದ್ದು ನಿಜ. ಆಗಲೇ ಗೊತ್ತಾಯಿತು ಎಂದು ಬರೆದದ್ದು ಸುಳ್ಳು.

ನೀನು ಹೋದ ಇಪ್ಪತ್ತನೇ ದಿನವೇ ಅಪ್ಪ ನನಗೆ ಹೇಳಿದ್ದ. ಎರಡೂ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಮಂಚದ ಮೇಲೆ ಕೂತು, "ಬೀಡಿಯಿಂದ ಅಲ್ಲಮ್ಮ ಅದು, ಎಣ್ಣೆ ಬಟ್ಟೆಯಿಂದ. ನಿನಗೆ ಮೊದಲೇ ಹೇಳಿಕೊಡಬೇಕಿತ್ತು, ತಪ್ಪು ನಂದು. ಚಿಕ್ಕೋನಿಗೆ ಕಾಗದ ಬರಿ, ನಾನು ಹೇಳ್ತೀನಿ" ಎಂದ. ಅವನು ಹೇಳಿದ, ನಾನು ಬರೆದೆ. ಕೈಗಾಡಿಯವನಿಂದ ಕೇಳಿ ಬರೆದುಕೊಂಡ ನಿನ್ನ ವಿಳಾಸ ಮನೆಯಲ್ಲಿ ನನ್ನೊಬ್ಬಳ ಹತ್ತಿರವೇ ಇತ್ತು. ಬೀದಿಯೆಲ್ಲ ಕೇಳುವಂತೆ ಆಡಿದ ಮಾತನ್ನು ಹೇಗೆ ನುಂಗಲಿ ಎಂದು ಒಂದು ದಿನ ತಡೆದೆ, ಆಮೇಲೆ ಒಂದು ವಾರ. ಆಮೇಲೆ ಅಂಚೆಗೆ ಹಾಕಲೇ ಇಲ್ಲ.

ಅಪ್ಪ ಎರಡು ವರ್ಷವೂ ಅಂಚೆಯವನ ಸೈಕಲ್ ಬೆಲ್ ಕೇಳಿದರೆ ಬಾಗಿಲ ಕಡೆ ತಿರುಗುತ್ತಿದ್ದ. ಉತ್ತರ ಬಂತೇನಮ್ಮ ಎನ್ನುತ್ತಿದ್ದ. ಇಲ್ಲಪ್ಪ, ಅವನು ಬರೆದಿಲ್ಲ ಎನ್ನುತ್ತಿದ್ದೆ. ಕೊನೆಯ ದಿನವೂ ಹಾಗೇ ಅಂದೆ. ನಿನಗೆ ತನ್ನ ಮೇಲೆ ಇನ್ನೂ ಸಿಟ್ಟು ಎಂದುಕೊಂಡೇ ಹೋದ.

ಆ ಕಾಗದ ಇದರ ಜೊತೆಗಿದೆ. ಅಕ್ಷರ ನನ್ನದು, ಮಾತು ಅವನದು.