ಆಯುಧಪೂಜೆಗೆ ತಿಕ್ಕಿದ ಕನ್ನಡಿ

ಮಳವಳ್ಳಿ
13-11-2024, ಬುಧವಾರ

ಕೆಂಪರಾಜು ಅವರಿಗೆ,

ಮೊದಲು ‘ಪ್ರೀತಿಯ’ ಅಂತ ಬರೆದಿದ್ದೆ, ಆಮೇಲೆ ಹಾಳೆ ಬದಲಾಯಿಸಿದೆ. ಇದ್ದದ್ದು ಗೊತ್ತಿರಲಿ ಅಂತ ಹೇಳುತ್ತಿದ್ದೇನೆ, ಅಷ್ಟೆ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನಬೇಡಿ. ಫೋನಿನಲ್ಲಿ ನಾನು ನಾಲ್ಕು ಮಾತಾಡುವಷ್ಟರಲ್ಲಿ ನೀವು “ಆಯ್ತು ಬುಡು” ಅಂದುಬಿಡುತ್ತೀರಿ. ಮದುವೆಯಾದಾಗಿನಿಂದ ನಮ್ಮ ಎಲ್ಲ ಜಗಳವನ್ನೂ ನೀವು ಹಾಗೇ ಮುಗಿಸಿದ್ದೀರಿ. ಕಾಗದಕ್ಕೆ ಹಾಗೆ ಅನ್ನಲಾಗುವುದಿಲ್ಲ, ಕೊನೆಯವರೆಗೂ ಓದಲೇಬೇಕು. ಇಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಜಾಗ ಖಾಲಿಯಿದೆ. ವರ್ಗಾವಣೆ ಕೇಳಿ ಅಪ್ಪನ ಮನೆಯಲ್ಲೇ ಇದ್ದುಬಿಡಲೋ, ಕೊಪ್ಪದ ನಮ್ಮ ಮನೆಗೆ ವಾಪಸ್ಸು ಬರಲೋ ಅನ್ನುವುದು ಇದನ್ನು ಓದಿದ ಮೇಲೆ ನೀವು ಏನು ಮಾಡುತ್ತೀರಿ ಅನ್ನುವುದರ ಮೇಲಿದೆ. ಹೆದರಿಸುತ್ತಿಲ್ಲ. ಮನಸ್ಸಿನಲ್ಲಿರುವುದನ್ನು ಹೇಳುತ್ತಿದ್ದೇನೆ.

ನಿನ್ನೆ ನೀವು ಕಳಿಸಿದ ಫೋಟೋ ನೋಡಿ ಸಿಟ್ಟು ನೆತ್ತಿಗೇರಿತು. ಮಂಡ್ಯದ ಗಾಜಿನಂಗಡಿಯಲ್ಲಿ ಗುಂಡಗೆ ಕೊಯ್ಯಿಸಿದ ಕನ್ನಡಿ, ಅಂಚಿಗೆ ಹೂಬಳ್ಳಿ ಬೇರೆ. ಕೆಳಗೆ “ಅಳ್ತೆ ಸರ್ಯಾಗೇ ಅದೆ, ಇದ್ನೇ ಕೂರುಸ್ಲಾ?” ಅಂತ ಒಂದು ಸಾಲು. ನಾನೇನು ತಲೆ ಬಾಚಿಕೊಳ್ಳಲು ಟೆಲಿಸ್ಕೋಪು ತಂದೆನೇ? ಟೆಲಿಸ್ಕೋಪಿನ ಕನ್ನಡಿ ಊಟದ ತಟ್ಟೆಯ ಹಾಗೆ ಒಳಕ್ಕೆ ಒಂದಿಷ್ಟೇ ತಗ್ಗಿರುತ್ತದೆ, ಹೊಳಪಿನ ಲೇಪ ಗಾಜಿನ ಹಿಂದಲ್ಲ ಮುಂದೆಯೇ ಇರುತ್ತದೆ, ಅದಕ್ಕೆ ಬೆರಳು ಕೂಡ ತಾಗಿಸಬಾರದು. ಇದನ್ನು ಅದು ಮನೆಗೆ ಬಂದ ದಿನವೇ ಹೇಳಿದ್ದೆ. ನೀವು ಹೂಂ ಅಂದಿರಿ. ಆಗ ಟಿವಿಯಲ್ಲಿ ಕಬಡ್ಡಿ ಬರುತ್ತಿತ್ತು.

ಅದು ನನಗೆ ಎಷ್ಟು ಮುಖ್ಯ ಅಂತ ನಿಮಗೆ ಗೊತ್ತಿರಲಿಲ್ಲ ಅಂತ ಮಾತ್ರ ಹೇಳಬೇಡಿ. ವರ್ಷ ವರ್ಷವೂ ಬೋರ್ಡಿನ ಮೇಲೆ ಒಂದು ಗುಂಡು ಬರೆದು, ಅದರ ಸುತ್ತ ಬಳೆ ಬರೆದು, ಇದು ಶನಿಗ್ರಹ ಅಂತ ಪಾಠ ಮಾಡಿದವಳು ನಾನು. ಕಣ್ಣಾರೆ ಒಂದು ಸಲವೂ ಕಂಡಿರಲಿಲ್ಲ. ಮೈಸೂರಿನ ನಿವೃತ್ತ ಪ್ರೊಫೆಸರೊಬ್ಬರು ತಮ್ಮ ಹನ್ನೆರಡು ಅಂಗುಲ ಕನ್ನಡಿಯ ಟೆಲಿಸ್ಕೋಪು ಮಾರುತ್ತಾರೆ ಅಂತ ಗೊತ್ತಾದಾಗ, ಮಾಡಿಸಬೇಕೆಂದಿದ್ದ ಚಿನ್ನದ ಬಳೆ ಬೇಡವೆಂದು ಅದನ್ನು ತಂದೆ. ನನ್ನಷ್ಟೇ ಎತ್ತರದ ಕೊಳವೆ. ಅಡಿಯ ಪೀಠ ಮಾತ್ರ ಮರದ ಹೊಟ್ಟು ಒತ್ತಿ ಮಾಡಿದ ಹಲಗೆಯದು. ನಮ್ಮ ಗದ್ದೆ ಬಯಲಿನ ತೇವ ಕುಡಿದು ಉಬ್ಬಿಕೊಂಡಿತು. ಯಾವ ಚುಕ್ಕಿಯನ್ನು ಹಿಡಿದು ನಿಲ್ಲಿಸಿದರೂ ನೋಡನೋಡುತ್ತಲೇ ಜಾರಿಹೋಗುತ್ತಿತ್ತು.

ಅದನ್ನು ನಮ್ಮ ಹಿತ್ತಲಿಗೆ ಒಗ್ಗಿಸಿದವನು ಬಡಗಿ ಅಂಕಯ್ಯ. ರಾಗಿಕಲ್ಲಿನ ಹಾಗೆ ಒಂದೇ ಸಮ ತಿರುಗಬೇಕು, ಕೈ ಬಿಟ್ಟಲ್ಲಿ ನಿಲ್ಲಬೇಕು ಅಂದೆ. ಹಲಸಿನ ಮರದಲ್ಲಿ ಹೊಸ ಪೀಠ ಮಾಡಿದ, ಕನ್ನಡಿ ಕೂರಲು ಹಲಸಿನದೇ ಮಣೆ ಕೊರೆದ, ಸ್ಟೂಲು ಹತ್ತದೆ ನೋಡುವ ಹಾಗೆ ನನ್ನ ಎತ್ತರಕ್ಕೆ ಹೊಂದಿಸಿದ, ಹಿತ್ತಲಿಗೆ ತಳ್ಳಿಕೊಂಡು ಹೋಗಲು ಹಾಲಿನ ಕ್ಯಾನಿನ ಗಾಡಿಯ ಚಕ್ರ ಹಾಕಿಕೊಟ್ಟ. ಅಕ್ಕಪಕ್ಕದ ಬೆಳಕು ಒಳಗೆ ಮಿನುಗದಿರಲಿ ಅಂತ ಕೊಳವೆಯೊಳಗೆ ನಾನೇ ಬೋರ್ಡಿನ ಕಪ್ಪು ಬಣ್ಣ ಬಳಿದೆ. ಇಬ್ಬನಿ ತಡೆಯಲು ಅದರ ಬಾಯಿಗೆ ಚಾಪೆ ಸುತ್ತಿದೆ. ಸೆಪ್ಟೆಂಬರಿನಲ್ಲಿ ಮೋಡ ಬಿಟ್ಟ ಒಂದು ಸಂಜೆ ಶನಿ ಸಿಕ್ಕಿತು. ಉಂಗುರ ಈ ವರ್ಷ ತೆಳ್ಳಗೆ, ನಿಂಬೆಹಣ್ಣಿಗೆ ಊದಿನಕಡ್ಡಿ ಚುಚ್ಚಿದ ಹಾಗೆ. ಅಲುಗಾಡದೆ ನಿಂತಿತ್ತು. ನಿಮ್ಮನ್ನು ಕೂಗಿದೆ. “ಸೊಳ್ಳೆ ಕಚ್ತವೆ, ಒಳಿಕ್ ಬಾ” ಅಂದಿರಿ.

ಇನ್ನು ಆಯುಧಪೂಜೆಯ ವಿಚಾರ. ಹೋದ ವರ್ಷ ಟಿಲ್ಲರಿಗೆ, ಬೈಕಿಗೆ, ಔಷಧಿ ಹೊಡೆಯುವ ಪಂಪಿಗೆ, ಮಿಕ್ಸಿಗೆ, ಕೊನೆಗೆ ಅತ್ತೆಯ ಅಡಕೆಕತ್ತರಿಗೂ ಕುಂಕುಮವಿಟ್ಟು ಟೆಲಿಸ್ಕೋಪನ್ನು ಬಿಟ್ಟಿರಿ. ಕೇಳಿದ್ದಕ್ಕೆ “ಅದೇನ್ ಆಯ್ದವಾ, ಆಟದ್ ಸಾಮಾನು” ಅಂದಿರಿ. ಜಗಳ ತೆಗೆದವಳು ನಾನೇ, ಇಲ್ಲವೆನ್ನುವುದಿಲ್ಲ. ಆದರೆ ನಾನು ಕೇಳಿದ್ದು ಒಂದು ಚೆಂಡುಹೂವು. ಅದಕ್ಕೆ ಸ್ನಾನ ಮಾಡಿಸಿ ಅಂತ ಯಾರು ಹೇಳಿದರು?

ಈ ಸಲ ಹಬ್ಬದ ದಿನ ಅವ್ವನಿಗೆ ಜ್ವರ ಅಂತ ನಾನು ಮಳವಳ್ಳಿಯಲ್ಲಿದ್ದೆ. ಹಿಂದಿರುಗಿದಾಗ ಕೊಳವೆಯ ಮೇಲೆ ಮೂರು ಪಟ್ಟೆ ವಿಭೂತಿ, ಸೇವಂತಿಗೆ ಹಾರ. ಪರವಾಗಿಲ್ಲವೇ ನಮ್ಮ ಯಜಮಾನರು ಅಂದುಕೊಂಡೆ. ಖುಷಿಯಾಗಿ ನಿಮಗೆ ಒಬ್ಬಟ್ಟು ಮಾಡಿದೆ. ಆ ಒಬ್ಬಟ್ಟನ್ನು ನೀವು ತಲೆ ತಗ್ಗಿಸಿಕೊಂಡು ತಿಂದದ್ದು ಈಗ ನೆನಪಾಗುತ್ತಿದೆ.

ಆಮೇಲೆ ಮಳೆ ಹಿಡಿಯಿತು. ದೀಪಾವಳಿಯವರೆಗೂ ಆಕಾಶ ಕಾಣಲಿಲ್ಲ. ಹೇಳಬೇಕೆನ್ನಿಸಿದ್ದರೆ ಅಷ್ಟೂ ದಿನ ನಿಮ್ಮ ಕೈಯಲ್ಲಿತ್ತು. ದೀಪಾವಳಿ ಕಳೆದ ಭಾನುವಾರ ಸಂಜೆ ನಮ್ಮ ಶಾಲೆಯ ಟೀಚರುಗಳನ್ನೂ ಡೈರಿಗೆ ಹಾಲು ಹಾಕುವ ಹೆಂಗಸರನ್ನೂ ಕರೆದೆ. ಎಲ್ಲರೂ ಹಿತ್ತಲಲ್ಲಿ ಸಾಲಾಗಿ ನಿಂತರು. ನೀವೂ ಬಾಗಿಲಿಗೆ ಒರಗಿ ನಿಂತಿರಿ. ನಾನು ಕಣ್ಣಿಟ್ಟರೆ ಶನಿಯೂ ಇಲ್ಲ, ಉಂಗುರವೂ ಇಲ್ಲ, ಒಂದು ಬೆಳಕಿನ ಮುದ್ದೆ, ಸುತ್ತ ಮಬ್ಬು. ಹಾಲು ಹಾಕುವ ಮಾಯಮ್ಮ ನೋಡಿ “ಒಗೇಲಿ ಬಲ್ಬು ಕಂಡಂಗಾಯ್ತದೆ ಕಣವ್ವ” ಅಂದಳು. ಎಲ್ಲರೂ ನಕ್ಕರು. ಬೇಸರವಾಗದಿರಲಿ ಅಂತ ಆಮೇಲೆ ಚೆನ್ನಾಗಿದೆ ಚೆನ್ನಾಗಿದೆ ಅಂದರಲ್ಲ, ಅದು ನಕ್ಕದ್ದಕ್ಕಿಂತ ಕಷ್ಟವಾಯಿತು. ನಾನು ತಿರುಪು ತಿರುಗಿಸಿದೆ, ಮಸೂರ ಒರೆಸಿದೆ, ಬೆವತೆ. ನೀವು ನೋಡುತ್ತಲೇ ನಿಂತಿದ್ದಿರಿ. ಕಾರಣ ಗೊತ್ತಿದ್ದವರು ಅಲ್ಲಿ ನೀವೊಬ್ಬರೇ.

ಮಾರನೆಯ ಬೆಳಿಗ್ಗೆ ನಾನು ಮಾಡಿದ್ದು ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ. ಮಣೆ ತೇವಕ್ಕೆ ಬಾಗಿ ಕನ್ನಡಿಯನ್ನು ಅಮುಕಿದೆ ಅಂತ ನನ್ನ ಲೆಕ್ಕ. ಡೈರಿಯ ಮುಂದೆ, ಅಷ್ಟು ಜನರ ಎದುರಿಗೆ, ಹಸಿ ಮರ ಹಾಕಿ ನನಗೆ ಮೋಸ ಮಾಡಿದೆ ಅಂತ ಅಂಕಯ್ಯನಿಗೆ ಬಾಯಿಗೆ ಬಂದಂತೆ ಬೈದೆ. ಬಡಗಿಗೆ ಅದಕ್ಕಿಂತ ದೊಡ್ಡ ಬೈಗುಳ ಇದೆಯೇ? ಅವನು ಟವೆಲು ಹೆಗಲಿಗೆ ಹಾಕಿಕೊಂಡು “ನೋಡಾನ ಬುಡಿ ಟೀಚರಮ್ಮ” ಅಂದು ಹೋದ. ಅವತ್ತಿನಿಂದ ಊರ ಹುಡುಗರು ಅವನನ್ನು ಹಸಿಮರ ಅಂತ ಕೂಗುತ್ತಿದ್ದಾರೆ. ನೀವೂ ಕೇಳಿಸಿಕೊಂಡಿದ್ದೀರಿ. ಆಗಲೂ ಬಾಯಿ ಬಿಡಲಿಲ್ಲ.

ಕೊನೆಗೆ ಹೇಳಿದವರು ಅತ್ತೆ. ಅದೂ ದೂರು ಹೇಳಲಿಲ್ಲ, ಮಗನನ್ನು ಹೊಗಳಿದರು. “ನನ್ ಮಗ ಒಳ್ಗಡೆ ಕನ್ನಡೀನೂ ಬಿಚ್ಚಿ, ಉಣ್ಸೆಹಣ್ಣು ಬೂದಿ ಆಕಿ ಎಂಗ್ ತಿಕ್ದ ಅಂತೀಯ, ತಾಮ್ರದ್ ಚೊಂಬು ಬೆಳಗ್ದಂಗೆ” ಅಂದರು. ಸೊಪ್ಪು ಬಿಡಿಸುತ್ತಿದ್ದವಳು ಹಾಗೇ ಎದ್ದು ಹೋಗಿ ಕನ್ನಡಿ ಬಿಚ್ಚಿ ಬೆಳಕಿಗೆ ಓರೆ ಹಿಡಿದೆ. ತುಂಬ ಗೀರುಗಳು, ಸುತ್ತಿಸುತ್ತಿ ತಿಕ್ಕಿದ ಗೀರುಗಳು. ಅಂಚಿನಲ್ಲಿ ಕುಂಕುಮ. ವಾಪಸ್ಸು ಕೂರಿಸುವಾಗ ಟಿಲ್ಲರಿನ ನಟ್ಟಿನ ಹಾಗೆ ಬಿಗಿದಿದ್ದೀರಿ. ಅಂಕಯ್ಯನ ಮಣೆ ಕೂದಲೆಳೆಯಷ್ಟೂ ಬಾಗಿರಲಿಲ್ಲ. ಸಂಜೆ ನೀವು ವಿ.ಸಿ. ಫಾರಂನಲ್ಲಿ ಡ್ಯೂಟಿ ಮುಗಿಸಿ ಬಂದ ಮೇಲೆ ಕೇಳಿದರೆ, ಒಂದು ಕನ್ನಡಿಗೆ ಎಷ್ಟೊಂದು ಆಡುತ್ತೀಯ ಅಂದಿರಿ. ಅದಕ್ಕೇ ಬ್ಯಾಗು ಹಿಡಿದು ಬಸ್ಸು ಹತ್ತಿದೆ.

ನಿಮ್ಮ ಫಾರಂನ ಪ್ರಯೋಗದ ಗದ್ದೆಗೆ ಯಾರೋ ಬಂದು, ಒಳ್ಳೆಯದಾಗಲಿ ಅಂತ ಒಂದು ಚೀಲ ಯೂರಿಯಾ ಎರಚಿ ಹೋದರೆ ಹೀಗೇ ಅನ್ನುತ್ತೀರಾ? ಒಂದು ಗದ್ದೆಗೆ ಎಷ್ಟೊಂದು ಆಡುತ್ತೀರಿ ಅಂತ ನಿಮ್ಮ ಸಾಹೇಬರಿಗೆ ಹೇಳುತ್ತೀರಾ?

ಇನ್ನೊಂದು ವಿಚಾರ ತಿಳಿದುಕೊಳ್ಳಿ. ಕನ್ನಡಿ ಸರಿಹೋಗುತ್ತದೆ. ಹಳೆಯ ಲೇಪ ತೆಗೆದು ಹೊಸದು ಹಾಕುವವರು ಇದ್ದಾರೆ. ಹಬ್ಬದ ದಿನವೇ ಹೇಳಿದ್ದರೆ ನಾನು ಒಂದು ದಿನ ಕೂಗಾಡುತ್ತಿದ್ದೆ, ಎರಡು ದಿನ ಮಾತು ಬಿಡುತ್ತಿದ್ದೆ, ಆಮೇಲೆ ಇಬ್ಬರೂ ಸೇರಿ ಅದನ್ನು ಹತ್ತಿಯಲ್ಲಿ ಸುತ್ತಿ ಕಳಿಸುತ್ತಿದ್ದೆವು. ತಿಕ್ಕಿದ್ದಕ್ಕೆ ನನಗೆ ಈಗ ಅಷ್ಟು ಸಿಟ್ಟಿಲ್ಲ. ನನ್ನ ಕೈಯಿಂದ ಒಬ್ಬ ನಿರಪರಾಧಿಯ ಮರ್ಯಾದೆ ತೆಗೆಸಿ ನೀವು ನಿಶ್ಚಿಂತೆಯಿಂದ ಮುದ್ದೆ ನುಂಗಿದಿರಲ್ಲ, ಅದಕ್ಕೆ ಸಿಟ್ಟು. ಅಂಥವರ ಜೊತೆ ಒಂದೇ ಮನೆಯಲ್ಲಿ ಹೇಗಿರುವುದು ಅಂತ ನನಗೆ ಗೊತ್ತಾಗುತ್ತಿಲ್ಲ.

ಆದ್ದರಿಂದ, ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಡೈರಿಯ ಮುಂದೆ ನಿಂತು, ಮರದ್ದೇನೂ ತಪ್ಪಿಲ್ಲ, ಕನ್ನಡಿ ಹಾಳುಮಾಡಿದವನು ನಾನು ಅಂತ ಅಂಕಯ್ಯನಿಗೆ ಎಲ್ಲರೂ ಕೇಳುವ ಹಾಗೆ ಹೇಳಿ. ಹೇಳಿದಿರಿ ಅಂತ ನನಗೆ ಗೊತ್ತಾದರೆ ಬರುತ್ತೇನೆ. ಇಲ್ಲವಾದರೆ ಟೆಲಿಸ್ಕೋಪನ್ನು ಗಾಡಿ ಮಾಡಿ ಮಳವಳ್ಳಿಗೆ ಕಳಿಸಿ. ಅಲ್ಲಿಯವರೆಗೆ ದಯವಿಟ್ಟು ಅದನ್ನು ಮುಟ್ಟಬೇಡಿ.

ಇತಿ,
ಆಶಾರಾಣಿ

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು, ನನ್ನ ಪಾಲಿನ ಕ್ಷಮೆ ನಾನು ಕೇಳಬೇಕಲ್ಲ ಅಂತ ಅಂಕಯ್ಯನಿಗೆ ಫೋನು ಮಾಡಿದೆ. “ನಂಗೆ ಅವತ್ತೇ ಗೊತ್ತು ಕಣ್ರಮ್ಮ” ಅಂದ. ನಾನು ಬೈದ ದಿನ ಸಂಜೆಯೇ ನೀವು ಅವನ ಮನೆಗೆ ಹೋಗಿದ್ದಿರಂತೆ. “ನಮ್ ಜಗಲಿ ಮ್ಯಾಲೆ ಕೂತ್ಕಂಡು ಅತ್ತುಬುಟ್ರು. ಗೊತ್ತಾದ್ರೆ ಬುಟ್ಬುಟ್ಟು ಒಂಟೋಯ್ತಳೆ ಅಂತ ಎದರ್ಕಂಡಿದ್ರು. ನನ್ ಮ್ಯಾಲೇ ಇರ್ಲಿ ಬುಡಿ, ನನ್ ಕೆಲ್ಸ ಊರ್ಗೇ ಗೊತ್ತದೆ ಅಂತ ನಾನೇ ಅಂದೆ” ಅಂದ. ಅವನಿಗೂ ಫೋನಿನಲ್ಲೇ ಚೆನ್ನಾಗಿ ಬೈದೆ. ನಾನು ಎಷ್ಟು ತಡೆದುಕೊಳ್ಳುತ್ತೇನೆ ಅಂತ ಜಗಲಿಯ ಮೇಲೆ ಕೂತು ತೀರ್ಮಾನ ಮಾಡಲು ನೀವಿಬ್ಬರೂ ಯಾರು? ನಾನು ಬಿಟ್ಟು ಬಂದದ್ದು ನೀವು ಹೇಳಲಿಲ್ಲ ಅಂತ. ಹೇಳಿದ್ದರೆ ಎಲ್ಲಿಗೆ ಹೋಗುತ್ತಿದ್ದೆ?

ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಡೈರಿಯ ಮುಂದೆ ನೀವು ಹೇಳುವಾಗ ನಾನೂ ಪಕ್ಕದಲ್ಲಿ ನಿಂತಿರುತ್ತೇನೆ, ಬೈದವಳು ನಾನಲ್ಲವೇ. ಈ ಕಾಗದಕ್ಕಿಂತ ಮುಂಚೆ ನಾನೇ ಬಂದು ಸೇರುತ್ತೇನೆ. ಆದರೂ ಅಂಚೆಗೆ ಹಾಕುತ್ತಿದ್ದೇನೆ. ಕಾಗದ ಬಂದ ದಿನ ನನ್ನೆದುರಿಗೆ ಕೂತು, ಗಟ್ಟಿಯಾಗಿ, ಮೊದಲಿನಿಂದ ಕೊನೆಯವರೆಗೂ ಓದಿ. ಅಳು ಬಂದರೆ ಅಲ್ಲೇ ಅಳಿ. ಅಂಕಯ್ಯನ ಜಗಲಿಗೆ ಎದ್ದು ಹೋಗುವ ಹಾಗಿಲ್ಲ.