ಬೋಟು ಬರುವ ಮೊದಲು

ಮಾವಿನಕುರ್ವೆ, ೨೦೦೧

ನೇತ್ರಾಳ ಅಪ್ಪನಿಗೆ ಮಾದೇವಿಯ ನಮಸ್ಕಾರ.

ನೀವು ರತ್ನಾಗಿರಿಯ ಬೋಟಿಗೆ ಹೋದಾಗಿನಿಂದ ನನಗೆ ಎದೆಯುರಿ, ಹುಳಿತೇಗು. ಹೊನ್ನಾವರದ ಡಾಕ್ಟರಮ್ಮ ಗುಳಿಗೆ ಕೊಟ್ಟು, ನಿದ್ದೆ, ಊಟ, ಮನಸ್ಸು ಎಲ್ಲವನ್ನೂ ವಿಚಾರಿಸಿದರು.

“ಮಧ್ಯಾಹ್ನ ಎಷ್ಟೊತ್ತಿಗೆ ಉಣ್ತೀ ಮಾದೇವಿ?”

“ಬೋಟು ಬಂದ ಮೇಲೆ.”

“ನಿನ್ನ ಗಂಡನ ಬೋಟು ಮಳೆಗಾಲಕ್ಕಲ್ವಾ ಬರೂದು?”

ಅವರಿಗೆ ಅತ್ತೆಯ ಮಾತು ಹೇಳಿದೆ. ಗಂಡ ಕಡಲಲ್ಲಿರುವಾಗ ಹೆಂಡತಿ ಮೊದಲು ಉಂಡರೆ ಬೋಟು ದಡ ಸೇರುವುದಿಲ್ಲವೆಂದು ಅತ್ತೆ ಹೇಳುತ್ತಿದ್ದದ್ದು ನಿಮಗೂ ಗೊತ್ತು. ಹಾಗಾಗಿ ಸಂಜೆ ಊರಿನ ಕೊನೆಯ ಮೀನಿನ ಬೋಟು ಬರುವವರೆಗೂ ಹಸಿದು ಕೂರುತ್ತಿದ್ದೆ.

“ಗುಳಿಗೆ ಹೊಟ್ಟೆಗಾತು. ಹೆದರಿಕೆಗೆ ಎಂತ ಕೊಡ್ಲಿ? ಹೊತ್ತಿಗೆ ಸರಿಯಾಗಿ ಉಣ್ಣು, ಗಂಡಗೆ ಕಾಗದ ಬರಿ” ಎಂದರು.

ನಿನ್ನೆ ಬಿಸಿಲಿರುವಾಗಲೇ ಗಂಜಿ ಬಡಿಸಿಕೊಂಡೆ. ಅದರ ಹಬೆಯೊಳಗೆ ಶರಾವತಿ ಅಗಲವಾಗುತ್ತಾ ಹೋಗಿ ಕಡಲಾಯಿತು. ಅದರ ಮೇಲೆ ನಿಮ್ಮ ಬೋಟು ಸದ್ದಿಲ್ಲದೆ ತೇಲುತ್ತಿತ್ತು. ನೀವೂ ಬಟ್ಟಲು ಹಿಡಿದು ಕೂತಿದ್ದಿರಿ. ಉಂಡೆ. ಎದೆ ಉರಿಯಲಿಲ್ಲ.

ಅಲ್ಲಿ ಎಷ್ಟು ಗಂಟೆಗೆ ಉಣ್ಣುತ್ತೀರೆಂದು ಬರೆಯಿರಿ. ನಾನೂ ಅದೇ ಹೊತ್ತಿಗೆ ಕೂರುತ್ತೇನೆ. ಆಗ ಮೊದಲು ಉಂಡ ಹಾಗಾಗುವುದಿಲ್ಲ.

ಉತ್ತರದ ದಾರಿ ನೋಡುವ
ಮಾದೇವಿ