ಕಟ್ಟಾಯದ ಗೃಹಪ್ರವೇಶ ಅನ್ನೋ ಫೋಲ್ಡರು

ಅಕ್ಕಾ,

ಈ ಕಡೆ ಎಲ್ಲ ಕ್ಷೇಮ ಅಂತ ಶುರು ಮಾಡೋಕೆ ಕೈ ಬರಲಿಲ್ಲ. ಗುರುವಾರ ನಾನು ಹಾಸನದ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕು. ನಿನ್ನ ಗಂಡನ ವಿರುದ್ಧ, ಅಂದರೆ ನಮ್ಮ ಸ್ವಂತ ಸೋದರಮಾವನ ವಿರುದ್ಧ. ಅಲ್ಲಿ ಬಾಯಿ ಬಿಡುವುದಕ್ಕೆ ಮೊದಲು ನಿನಗೊಂದು ಮಾತು ಹೇಳಬೇಕು.

ಆ ಭಾನುವಾರ ನೆನಪಿದೆಯಾ? ನೀನು ಮನೆಯಲ್ಲೇ ಲಗ್ನಪತ್ರಿಕೆ ಟೈಪ್ ಮಾಡಿ, ಪೆನ್‌ಡ್ರೈವಿಗೆ ಹಾಕಿ, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಹಾಸನದ ನನ್ನ ಪ್ರೆಸ್ಸಿಗೆ ಕಳಿಸುತ್ತಿದ್ದೆ. ಅದೊಂದು ಗೋಳು ಮುಗಿಯಲಿ ಅಂತ ನಾನು ಹೊಳೆನರಸೀಪುರಕ್ಕೆ ಬಂದು, ಕ್ಲೌಡಿನಲ್ಲಿ ಒಂದು ಖಾತೆ ತೆರೆದು, ನಿನ್ನ ಕಂಪ್ಯೂಟರು ನನ್ನ ಕಂಪ್ಯೂಟರು ಎರಡನ್ನೂ ಅದಕ್ಕೆ ಜೋಡಿಸಿದೆ. ನೀನು ಆ ಫೋಲ್ಡರಿಗೆ ಏನು ಹಾಕಿದರೂ ನಿಮಿಷದಲ್ಲಿ ಪ್ರೆಸ್ಸಿನಲ್ಲೂ ಕಾಣುವ ಹಾಗೆ. ಹಸಿರು ಟಿಕ್ ಬಂದಾಗ ನೀನು ಪರದೆಯ ಹತ್ತಿರ ಬಗ್ಗಿ ನೋಡಿದೆ.

"ಇಲ್ಲಿ ಆಕಿದ್ದು ಅಲ್ಲೂ ಇರ್ತದಾ ಪದ್ದಿ?"

"ಇರ್ತದೆ ಕಣಕ್ಕ."

"ಈ ಡಬ್ಬನ ಯಾರಾದ್ರೂ ಒಡ್ದಾಕಿದ್ರೆ?"

"ಪುಡಿಪುಡಿ ಮಾಡಿದ್ರೂ ಇರ್ತದೆ. ಯಾಕೆ, ಮಾವ ಒಡ್ದಾಕ್ತಾನಾ?" ಅಂತ ನಾನು ನಗಾಡಿದೆ. ನೀನೂ ನಕ್ಕೆ. ಮೇ ತಿಂಗಳ ಆ ಬಿಸಿಲಿನಲ್ಲಿ ನೀನು ಮಣಿಕಟ್ಟಿನ ತನಕ ತೋಳಿರುವ ರವಿಕೆ ತೊಟ್ಟಿದ್ದೆ. ದಿನಕ್ಕೆ ನಾಲ್ಕು ಪೇಪರು ಓದುವವಳು, ಯಾವ ಊರಲ್ಲಿ ಯಾರಿಗೆ ಅನ್ಯಾಯವಾದರೂ ಸಂಪಾದಕರಿಗೆ ಕಾಗದ ಬರೆಯುವವಳು ನಾನು. ಆ ತೋಳು ನನ್ನ ಕಣ್ಣಿಗೆ ಯಾಕೆ ಬೀಳಲಿಲ್ಲ?

ನಿನ್ನ ಮದುವೆಯಲ್ಲಿ ಅವ್ವ ಚಪ್ಪರದ ಎರಡೂ ಕಡೆ ಓಡಾಡಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದೆ. ಹೆಣ್ಣಿನ ತಾಯಿಯೂ ಅವಳೇ, ಗಂಡಿನ ಅಕ್ಕನೂ ಅವಳೇ. "ನನ್ ತಮ್ಮನ್ಗೇ ಕೊಟ್ಟಿವ್ನಿ, ಮಗ್ಳು ಬ್ಯಾರೆ ಮನೇಗೆ ಓಗ್ಲಿಲ್ಲ" ಅಂತ ಬಂದವರಿಗೆಲ್ಲ ಹೇಳಿದಳು. ನಿಜವೇ. ಬೇರೆ ಮನೆಗೆ ಹೋಗದ ಮಗಳು ಏಟು ತಿಂದಾಗ ತವರು ಅಂತ ಯಾವ ಮನೆಗೆ ಓಡಿ ಬರಬೇಕು? ಅಳಿಯನಾದರೆ ಕೊರಳಪಟ್ಟಿ ಹಿಡಿದು ಕೇಳುತ್ತಾರೆ. ತಮ್ಮನಾದರೆ...

ಆ ಮಾಘದ ಮದುವೆಗಳ ಗಡಿಬಿಡಿಯಲ್ಲಿ ಒಂದು ಬೆಳಿಗ್ಗೆ ಪರದೆಯ ಮೇಲೆ ಕೆಂಪು ಗುರುತು ಬಂತು. ಜಾಗ ತುಂಬಿದೆ, ಇನ್ನು ಸಿಂಕ್ ಆಗುವುದಿಲ್ಲ ಅಂತ. ನಮ್ಮ ಕಸುಬಿನಲ್ಲಿ ಹಳೇ ಪತ್ರಿಕೆಯನ್ನು ಯಾರೂ ಎಸೆಯುವುದಿಲ್ಲ, ನಿನಗೆ ಗೊತ್ತು. ದೊಡ್ಡ ಮಗಳ ಮದುವೆಗೆ ಅಚ್ಚು ಹಾಕಿಸಿದವರು ಚಿಕ್ಕವಳ ಮದುವೆಗೂ ಬಂದು "ಅದ್ರಂಗೇ ಇರ್ಲಿ, ಎಸ್ರು ಮಾತ್ರ ಬದಲಾಯ್ಸಿ" ಅನ್ನುತ್ತಾರೆ. ನಾನು ಅಂದುಕೊಂಡೆ, ನನ್ನ ಕಂಪ್ಯೂಟರಿನಿಂದ ಅಳಿಸಿದರೇನು, ಅಕ್ಕನ ಹತ್ತಿರ ಹೇಗೂ ಒಂದು ಪ್ರತಿ ಇರುತ್ತದಲ್ಲ. ಎರಡು ಕಪಾಟು ಅಂತ ತಿಳಿದಿದ್ದೆ. ಅದು ಎರಡು ಬಾಗಿಲಿನ ಒಂದೇ ಕಪಾಟು, ಇಲ್ಲಿ ತೆಗೆದರೆ ಅಲ್ಲೂ ಹೋಗುತ್ತದೆ ಅನ್ನುವುದು ಅದನ್ನು ಹಾಕಿಕೊಟ್ಟ ನನಗೇ ಗೊತ್ತಿರಲಿಲ್ಲ. ಹಳೇ ಫೋಲ್ಡರುಗಳನ್ನು ಒಟ್ಟಿಗೆ ಹಿಡಿದು ಡಿಲೀಟ್ ಒತ್ತಿದೆ. ಅದರಲ್ಲಿ 'ಕಟ್ಟಾಯದ ಗೃಹಪ್ರವೇಶ' ಅನ್ನುವುದೂ ಇತ್ತು.

ಮಧ್ಯಾಹ್ನ ನೀನು ಫೋನ್ ಮಾಡಿದೆ. ದನಿ ಯಾವತ್ತಿನ ಹಾಗಿರಲಿಲ್ಲ.

"ಅಳೇ ಫೋಲ್ಡರ್ ಎಲ್ಲಾ ಒಂಟೋಗವೆ ಪದ್ದಿ. ನೀನು ತಗ್ದಾ?"

"ನಾನೇ ಕಣಕ್ಕ."

"ಒಳಗೇನಿತ್ತು ಅಂತ ನೋಡ್ದಾ?"

ನಾನು ಒಂದನ್ನೂ ತೆರೆದಿರಲಿಲ್ಲ. ಆದರೆ ಪ್ರೆಸ್ಸಿನ ಒಡತಿ ನಾನು, ನೋಡದೆ ಅಳಿಸಿದೆ ಅಂತ ಹೇಳುವುದು ಹೇಗೆ? "ಒಂದೊಂದೂ ತೆಗ್ದು ನೋಡೇ ಅಳಿಸಿವ್ನಿ. ಬೇಕಾದ್ದು ಯಾವ್ದೂ ಇರ್ಲಿಲ್ಲ, ಬುಡು" ಅಂದೆ.

ನೀನು "ಸರಿ ಕಣವ್ವ" ಅಂದು ಇಟ್ಟುಬಿಟ್ಟೆ. ನನ್ನನ್ನು ನೀನು ಯಾವತ್ತು ಹಾಗೆ ಮಾತಾಡಿಸಿದ್ದೆ, ಯಾರದೋ ಮನೆಯ ಮಗಳಿಗೆ ಹೇಳುವ ಹಾಗೆ?

ಅದಾಗಿ ಹನ್ನೊಂದನೇ ದಿನ ನೀನು ಬಚ್ಚಲಲ್ಲಿ ಜಾರಿ ಬಿದ್ದೆಯಂತೆ. ನಾನು ಬರುವಷ್ಟರಲ್ಲಿ ತಲೆಗೆ ಬಟ್ಟೆ ಸುತ್ತಿ, ಹಣೆಗೆ ಅಗಲವಾಗಿ ಕುಂಕುಮ ಇಟ್ಟು ಮಲಗಿಸಿದ್ದರು. ಎಡಗಿವಿಯ ಹಾಲೆ ಹರಿದಿತ್ತು, ಓಲೆ ಇರಲಿಲ್ಲ. ಇದೇನು ಅಂತ ಕೇಳಿದೆ. ಅರಕಲಗೂಡಿನಿಂದ ಬಂದಿದ್ದ ದೊಡ್ಡಪ್ಪ, "ಕೊಟ್ಟೋರೂ ತಕ್ಕಂಡೋರೂ ಒಂದೇ ಮನೆ. ಸ್ಟೇಷನ್ನು ಗೀಷನ್ನು ಅಂತ ಬಾಯ್ ಬುಡ್ಬ್ಯಾಡ" ಅಂದರು. ಸಂಜೆಯೊಳಗೆ ಮಣ್ಣು ಮಾಡಿದರು. ನಾನೂ ಒಂದು ಹಿಡಿ ಹಾಕಿದೆ, ಅಕ್ಕ.

ಹನ್ನೊಂದರ ಕಾರ್ಯ ಮುಗಿಸಿ ಮಾರನೇ ದಿನ ಪ್ರೆಸ್ಸಿನ ಬಾಗಿಲು ತೆಗೆದರೆ ಚನ್ನರಾಯಪಟ್ಟಣದವರೊಬ್ಬರು ಕಾಯುತ್ತಿದ್ದರು. ದೊಡ್ಡ ಮಗಳ ಪತ್ರಿಕೆಯ ಒಕ್ಕಣೆಯೇ ಬೇಕು ಅಂದರು. ಅದೂ ಅಳಿಸಿದ್ದರ ಜೊತೆ ಹೋಗಿತ್ತು. ಹುಡುಕುತ್ತಾ ಹೋದಾಗ ತಿಳಿಯಿತು, ಅಳಿಸಿದ್ದು ಮೂವತ್ತು ದಿನ ಕ್ಲೌಡಿನ ಕಸದಬುಟ್ಟಿಯಲ್ಲಿ ಬಿದ್ದಿರುತ್ತದೆ ಅಂತ. ಇನ್ನೇಳು ದಿನ ಉಳಿದಿತ್ತು. ಎಲ್ಲವನ್ನೂ ವಾಪಸು ತರಿಸಿದೆ. ಕಟ್ಟಾಯದಲ್ಲಿ ನಾವು ಯಾವ ಗೃಹಪ್ರವೇಶಕ್ಕೂ ಪತ್ರಿಕೆ ಮಾಡಿಕೊಟ್ಟಿಲ್ಲವಲ್ಲ ಅಂತ ಆ ಫೋಲ್ಡರು ತೆರೆದೆ.

ಕನ್ನಡಿಯಲ್ಲಿ ತೆಗೆದ ನಿನ್ನ ಬೆನ್ನು. ಬೆಲ್ಟಿನ ಬಕಲ್ಲು ಚರ್ಮದೊಳಕ್ಕೆ ಇಳಿದ ಗುರುತು, ನಾಲ್ಕು ಕಡೆ. ಊದಿ ಮುಚ್ಚಿಹೋದ ಕಣ್ಣು. ಕಾದ ದೋಸೆಹಂಚಿಗೆ ಒತ್ತಿಸಿಕೊಂಡ ಅಂಗೈ. ಬುಡಸಮೇತ ಕಿತ್ತುಬಂದ ಕೂದಲು, ಬಿಳಿ ಹಾಳೆಯ ಮೇಲಿಟ್ಟು ನೀನೇ ತೆಗೆದದ್ದು. ಪ್ರತಿ ಚಿತ್ರಕ್ಕೂ ತಾರೀಖು, ವಾರ, ಗಂಟೆಯನ್ನೇ ಹೆಸರಾಗಿ ಇಟ್ಟಿದ್ದೆ, ಪತ್ರಿಕೆಗೆ ಮುಹೂರ್ತ ಹಾಕುವಷ್ಟೇ ಜೋಪಾನವಾಗಿ.

ಅವತ್ತೇ ಹೊಳೆನರಸೀಪುರಕ್ಕೆ ಹೋದೆ. ನಿನ್ನ ಕಂಪ್ಯೂಟರು ಹಿತ್ತಲಲ್ಲಿ ಬಿದ್ದಿತ್ತು, ಮಾವ ಹಾರೆಯಲ್ಲಿ ಚಚ್ಚಿ ತಗಡು ಮಾಡಿದ್ದ. "ಕೆಟ್ಟೋಗಿತ್ತು" ಅಂದ. "ಇದ್ರೊಳಗಿದ್ದಿದ್ದೆಲ್ಲಾ ನನ್ನತ್ರ ಅದೆ ಮಾವ" ಅಂದೆ. ನನ್ನ ಜಡೆ ಹಿಡಿದು ಗೋಡೆಗೆ ಬಡಿದ. ಹಣೆ ಒಡೆದು ರಕ್ತ ಕಣ್ಣಿಗೆ ಇಳಿಯಿತು. "ಅವ್ಳು ಓದಂಗೇ ನೀನೂ ಓಯ್ತೀಯ ಕಣೇ" ಅಂದ, ಮೆಲ್ಲಗೆ, ಕಿವಿಯ ಹತ್ತಿರ. ಕೈಗೆ ಸಿಕ್ಕಿದ್ದು ನಿನ್ನ ಕೀಬೋರ್ಡು. ಅವನ ಬಾಯಿಗೆ ಬೀಸಿದೆ. ಹಲ್ಲೂ ಅಕ್ಷರದ ಗುಂಡಿಗಳೂ ಒಟ್ಟಿಗೆ ಉದುರಿದವು. ಮತ್ತೆ ಬೀಸಿದೆ, ಮತ್ತೆ. ಪಕ್ಕದ ಮನೆಯವರು ಬಿಡಿಸದಿದ್ದರೆ ನಿಲ್ಲಿಸುತ್ತಿದ್ದೆನಾ? ಹಿಂಸೆಯ ವಿರುದ್ಧ ಎಷ್ಟು ಕಾಗದ ಬರೆದಿದ್ದೇನೆ, ಆ ಹೊತ್ತಿಗೆ ಒಂದು ಸಾಲೂ ನೆನಪಾಗಲಿಲ್ಲ. ಅದಕ್ಕೂ ನನ್ನ ಮೇಲೊಂದು ಕೇಸಿದೆ, ಇರಲಿ.

ರಕ್ತದ ಸೀರೆಯಲ್ಲೇ ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟೆ. ತಹಸೀಲ್ದಾರರ ಎದುರು ನಿನ್ನನ್ನು ಮಣ್ಣಿನಿಂದ ಎತ್ತಿಸಿದರು. ನಾನು ಮುಖ ತಿರುಗಿಸಲಿಲ್ಲ. ತಲೆಯ ಹಿಂದೆ ಎರಡು ಕಡೆ ಒಡೆದಿದೆ, ಒಂದು ಸಲ ಜಾರಿ ಬಿದ್ದವರಿಗೆ ಹೀಗಾಗುವುದಿಲ್ಲ ಅಂತ ಡಾಕ್ಟರು ಬರೆದರು. ಮೂರು ಪಕ್ಕೆಲುಬು ಹಿಂದೆಂದೋ ಮುರಿದು ತಾವಾಗೇ ಕೂಡಿಕೊಂಡಿದ್ದವು. ಮೂರು, ಅಕ್ಕ. ಆಗೆಲ್ಲ ಫೋನಿನಲ್ಲಿ "ಚೆನ್ನಾಗಿವ್ನಿ" ಅನ್ನುತ್ತಿದ್ದೆಯಲ್ಲ...

ಅವ್ವನಿಗೆ ಆ ಚಿತ್ರ ತೋರಿಸಬೇಡ ಅಂತ ಎಲ್ಲರೂ ಹೇಳಿದ್ದರು. ಕಳೆದ ವಾರ ಅವಳೇ ಪ್ರೆಸ್ಸಿಗೆ ಬಂದು, ಸ್ಟೂಲು ಎಳೆದುಕೊಂಡು ಪರದೆಯ ಮುಂದೆ ಕೂತಳು. ಅಂಗೈ ಬಂದಾಗ "ನಿಲ್ಸು" ಅಂದಳು.

"ಇದ್ಕೆ ಅರಿಶ್ನ ಅಚ್ಚಿದ್ದು ನಾನೇ ಕಣೇ. ನನ್ ತಮ್ಮನ್ನ ಜೈಲ್ಗಾಕಿಸ್ಬ್ಯಾಡ ಅಂತ ಅವ್ಳ ಕಾಲು ಇಡ್ಕಂಡಿದ್ದೆ."

ಬೈಯೋಕೆ ಬಾಯಿ ತೆರೆದೆ. ಬೈಯುವ ಯೋಗ್ಯತೆ ನನಗೆಲ್ಲಿದೆ? "ಇದ್ನ ಕೋರ್ಟಲ್ಲಿ ಯೋಳ್ತೀಯಾ ಅವ್ವ?" ಅಂದೆ.

"ಅವನ್ ಮುಂದೇನೇ ಯೋಳ್ತೀನಿ" ಅಂದಳು.

ಇನ್ನು ನನ್ನ ಸರದಿ. ನಿನ್ನ ಫೋನಿನಲ್ಲಿ ಕರೆಗಳೆಲ್ಲ ರೆಕಾರ್ಡ್ ಆಗುತ್ತಿದ್ದವಂತೆ, ನಮ್ಮಿಬ್ಬರ ಆ ಮಾತು ಅವನ ವಕೀಲರ ಕೈಯಲ್ಲಿದೆ. ಒಂದೊಂದೂ ನೋಡೇ ಅಳಿಸಿದ್ದೀರಿ, ಬೇಕಾದ್ದು ಏನೂ ಇರಲಿಲ್ಲ ಅಂದಿದ್ದೀರಿ, ಹಾಗಾದರೆ ಈ ಚಿತ್ರಗಳು ಆಮೇಲೆ ಎಲ್ಲಿಂದ ಬಂದವು ಅಂತ ಕೇಳುತ್ತಾರೆ. ನಾನು ತಲೆ ಎತ್ತಿ ಹೇಳುತ್ತೇನೆ, ಆವತ್ತು ನನ್ನ ಅಕ್ಕನಿಗೆ ಸುಳ್ಳು ಹೇಳಿದ್ದೆ, ಕೆಲಸಗೇಡಿ ಅನ್ನಿಸಿಕೊಳ್ಳಬಾರದು ಅಂತ ಹೇಳಿದ್ದೆ. ಊರೆಲ್ಲ ಕೇಳಲಿ.

ಆದರೆ ಆ ಹನ್ನೊಂದು ದಿನ ನೀನು ಏನು ಅಂದುಕೊಂಡು ಏಟು ತಿಂದೆ? ತಂಗಿ ಎಲ್ಲವನ್ನೂ ನೋಡಿದಳು, ನೋಡಿ ಅವ್ವನ ಹಾಗೇ ಮುಚ್ಚಿಹಾಕಿದಳು ಅಂತ ತಾನೇ? ಅದಕ್ಕೇ ಜಡ್ಜಿಗಿಂತ ಮುಂಚೆ ನಿನಗೆ ಹೇಳುತ್ತಿದ್ದೇನೆ. ನಾನು ನೋಡಿರಲಿಲ್ಲ, ಅಕ್ಕ. ಒಂದನ್ನೂ ನೋಡಿರಲಿಲ್ಲ. ನೋಡಿದ್ದರೆ ಆ ಮಧ್ಯಾಹ್ನವೇ ನಿನ್ನ ಬಾಗಿಲಲ್ಲಿ ಇರುತ್ತಿದ್ದೆ.

ನಿನ್ನ ಪದ್ದಿ